ಹಿತ್ತಲಲ್ಲಿ ಉಳಿದ ಹೊಸತು

ಹಳೆಯ ಹಿತ್ತಲು ಎಂದಾಗ ನನ್ನ ತಲೆಮಾರಿನವರ ಕಣ್ಣೆದುರು ಬರುವ ಚಿತ್ರ ಹೆಚ್ಚೂಕಡಿಮೆ ಒಂದೇ. ಬಚ್ಚಲ ನೀರು ಹರಿಯುವಲ್ಲಿ ಕೆಸು, ಅದರಾಚೆ ಬಾಳೆಯ ಹಿಂಡು, ಬಾವಿಕಟ್ಟೆಯ ಪಕ್ಕ ಒಂದು ಪಪ್ಪಾಯಿ, ಮೂಲೆಯಲ್ಲಿ ಸೀಬೆ, ಬೇಲಿಯುದ್ದಕ್ಕೂ ದಾಸವಾಳ, ನಾಲ್ಕಾರು ಮೆಣಸಿನ ಗಿಡ, ಸೌದೆ ಕೊಟ್ಟಿಗೆಯ ಮಾಡಿನ ಮೇಲೆ ಹಬ್ಬಿದ ಸೀಮೆಬದನೆ. ಇದು ಕಳೆದುಹೋಯಿತೆಂದು ಕೊರಗುವವರು ಬಹಳ ಮಂದಿ ಇದ್ದಾರೆ. ನನಗೂ ಅದರ ಮೇಲೆ ಮಮತೆಯಿದೆ. ಆದರೆ ಈ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇದರಲ್ಲಿ ಅರ್ಧಕ್ಕರ್ಧ ಹೊರಗಿನಿಂದ ಬಂದದ್ದು. ಪಪ್ಪಾಯಿ, ಸೀಬೆ, ಮೆಣಸಿನಕಾಯಿ, ಸೀಮೆಬದನೆ ನಾಲ್ಕೂ ಅಮೆರಿಕಾ ಖಂಡದವು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಕಾಲಿಟ್ಟ ಮೇಲೆಯೇ ಮೆಣಸಿನಕಾಯಿ ಈ ನೆಲ ಕಂಡದ್ದು. ಅದಕ್ಕೆ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು, ಶುಂಠಿ, ಹಿಪ್ಪಲಿ. ನಾವು ಹಳತೆಂದು ಎದೆಗೊತ್ತಿಕೊಳ್ಳುವ ಹಿತ್ತಲು, ಒಂದೊಂದು ಕಾಲದಲ್ಲಿ ಯಾರೋ ಒಬ್ಬರು ಧೈರ್ಯ ಮಾಡಿ ನೆಟ್ಟ ಹೊಸ ಗಿಡಗಳಿಂದ ತುಂಬಿಕೊಂಡದ್ದು.

ಹಾಗಾಗಿ ಹಿತ್ತಲಿಗೆ ಹೊಸತು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಬೇಕು, ಯಾವಾಗಲೂ ಬೇಕಿತ್ತು. ಕೇಳಬೇಕಾದ ಪ್ರಶ್ನೆ ಬೇರೆ: ಬಂದ ಹೊಸತುಗಳಲ್ಲಿ ಉಳಿದದ್ದು ಯಾವುದು, ಯಾಕೆ ಉಳಿಯಿತು? ಇಷ್ಟು ವರ್ಷ ಹಿತ್ತಲುಗಳನ್ನೂ ತಾರಸಿ ತೋಟಗಳನ್ನೂ ನೋಡುತ್ತ, ಅವುಗಳ ಬಗ್ಗೆ ಓದುತ್ತ ಬಂದ ಮೇಲೆ ನನಗೆ ದೃಢವಾಗಿರುವ ಮಾತು ಇದು. ಮನೆಯಲ್ಲಿ ಆಗಲೇ ನಡೆಯುತ್ತಿರುವ ಯಾವುದಾದರೂ ಕೆಲಸಕ್ಕೆ, ಅಂದರೆ ಸ್ನಾನ, ಅಡುಗೆ, ಮುಸುರೆ, ಪೂಜೆ, ಮುಡಿಯುವುದು, ನೆರೆಮನೆಗೆ ಕೊಡುವುದು ಇಂಥದ್ದಕ್ಕೆ ಗಂಟುಬಿದ್ದ ಹೊಸತು ಉಳಿಯುತ್ತದೆ. ಹಾಗೆ ಗಂಟುಬೀಳದ್ದು ಎಷ್ಟೇ ಚೆನ್ನಾಗಿರಲಿ, ಎಷ್ಟೇ ದುಡ್ಡು ಕೊಟ್ಟು ತಂದಿರಲಿ, ಎರಡನೆಯ ಬೇಸಗೆ ದಾಟುವುದಿಲ್ಲ. ಕೈತೋಟಕ್ಕೆ ಹೊಸ ವಿಚಾರ ಹುಡುಕುವವರು ಅಂಗಡಿಯ ಸಾಲಿನಿಂದಲೋ ಮೊಬೈಲಿನ ಚಿತ್ರಗಳಿಂದಲೋ ಶುರುಮಾಡುವ ಬದಲು, ತಮ್ಮ ಮನೆಯಿಂದ ದಿನಾ ಏನು ಹೊರಗೆ ಹೋಗುತ್ತಿದೆ, ದಿನಾ ಏನು ಒಳಗೆ ಬರುತ್ತಿದೆ ಎಂಬ ಲೆಕ್ಕದಿಂದ ಶುರುಮಾಡಬೇಕೆಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಸೀಮೆಬದನೆಯನ್ನೇ ನೋಡಿ. ಮೆಕ್ಸಿಕೋ ಕಡೆಯ ಈ ಬಳ್ಳಿಯನ್ನು ಬೆಂಗಳೂರಿಗೆ ತಂದ ಶ್ರೇಯಸ್ಸು 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಅವರಿಗೆ ಸಲ್ಲುತ್ತದೆ. ಅವರು ಪರೀಕ್ಷೆಗೆಂದು ತರಿಸಿದ ಗಿಡಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟೋ ತೋಟದ ಕಾಂಪೌಂಡಿನೊಳಗೇ ಉಳಿದವು. ಸೀಮೆಬದನೆ ಮಾತ್ರ ಗೋಡೆ ಹಾರಿ ಊರಿನ ಹಿತ್ತಲುಗಳಿಗೆ ಬಂದಿತು. ಇದಕ್ಕೆ ಬೀಜದ ಅಂಗಡಿ ಬೇಡ, ಕಾಯಿಯೇ ಬೀಜ. ಒಳಗಿರುವ ಒಂದೇ ಬೀಜ ಕಾಯಿಯಲ್ಲಿರುವಾಗಲೇ ಮೊಳೆಯುತ್ತದೆ. ಅಡುಗೆಮನೆಯ ಬುಟ್ಟಿಯಲ್ಲಿ ಮರೆತ ಒಂದು ಕಾಯಿ ಮೂಗು ಚಾಚಿತೆಂದರೆ ನೆಡಲು ಸಿದ್ಧ. ನೆರೆಯವರಿಗೆ ಕೊಡುವುದೂ ಅಷ್ಟೇ ಸುಲಭ. ಅದಕ್ಕೆ ಸದಾ ತೇವ ಬೇಕು, ಬಚ್ಚಲ ನೀರು ಅದನ್ನು ಒದಗಿಸಿತು. ಹಬ್ಬಲು ಆಸರೆ ಬೇಕು, ಸೌದೆ ಕೊಟ್ಟಿಗೆಯ ಮಾಡು ಇತ್ತು. ಬೆಂಗಳೂರಿನ ತಂಪು ಅದಕ್ಕೆ ಒಗ್ಗಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಳಿ, ಪಲ್ಯ, ಕೂಟು ಮೂರಕ್ಕೂ ಅದು ತಕರಾರಿಲ್ಲದೆ ಸೇರಿಕೊಂಡಿತು. ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡಿದರು. ಯೂರೋಪಿನವರ ಊಟದಲ್ಲಿ ಮರ್ಯಾದೆಯ ಸ್ಥಾನವಿರುವ ಆರ್ಟಿಚೋಕ್ ಆಗಲಿ ಲೀಕ್ ಆಗಲಿ ನಮ್ಮ ಹಿತ್ತಲಿಗೆ ಇಳಿಯಲೇ ಇಲ್ಲ. ನಮ್ಮ ಸಾರಿನ ಪಾತ್ರೆಯಲ್ಲಿ ಅವುಗಳಿಗೆ ಕೆಲಸವಿರಲಿಲ್ಲ. ನವಿಲುಕೋಸಿಗೆ ಕೆಲಸವಿತ್ತು, ಅದು ಉಳಿಯಿತು.

ಚಕ್ರಮುನಿ ಸೊಪ್ಪಿನ ಕಥೆ ಈ ಮಾತನ್ನು ಇನ್ನೂ ಖಾರವಾಗಿ ಹೇಳುತ್ತದೆ. ಆಗ್ನೇಯ ಏಷ್ಯಾದಲ್ಲಿ ಮನೆಮನೆಯ ತರಕಾರಿಯಾದ ಈ ಗಿಡವನ್ನು ಮಲೆನಾಡು ಕರಾವಳಿಗಳಲ್ಲಿ ವಿಟಮಿನ್ ಸೊಪ್ಪು ಎಂದು ಕರೆದು ಜನ ಸಂಭ್ರಮದಿಂದ ಬರಮಾಡಿಕೊಂಡರು. ಕಡ್ಡಿ ಮುರಿದು ಊರಿದರೆ ಬರುತ್ತದೆ, ಬೇಲಿಯಾಗಿಯೂ ನಿಲ್ಲುತ್ತದೆ, ಮಳೆಗಾಲದಲ್ಲಿ ಬೇರೆ ಸೊಪ್ಪು ಕೊಳೆಯುವಾಗಲೂ ಚಿಗುರು ಕೊಡುತ್ತದೆ. ಪಲ್ಯಕ್ಕೆ, ಸಾಂಬಾರಿಗೆ, ತಂಬುಳಿಗೆ ನಾಲ್ಕು ಕುಡಿ ಚಿವುಟಿಕೊಂಡರೆ ಸಾಕು. ಹೀಗೆ ಬಳಸಿದವರು ದಶಕಗಳಿಂದ ಸುಖವಾಗಿದ್ದಾರೆ. ಇದೇ ಗಿಡ 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಹಸಿ ರಸವಾಗಿ ಮಾರಾಟಕ್ಕೆ ಬಂತು. ಬೇಯಿಸದೆ, ದೊಡ್ಡ ಪ್ರಮಾಣದಲ್ಲಿ, ವಾರಗಟ್ಟಲೆ ಕುಡಿದವರಲ್ಲಿ ನೂರಾರು ಜನರ ಶ್ವಾಸನಾಳಗಳು ಮತ್ತೆ ಸರಿಹೋಗದಂತೆ ಕಟ್ಟಿಕೊಂಡವು, ಕೆಲವರು ಸತ್ತೂ ಹೋದರು. ಗಿಡ ಅದೇ. ಅಡುಗೆಯ ಲಯಕ್ಕೆ ಸಿಕ್ಕಿದಾಗ ಅದಕ್ಕೊಂದು ಮಿತಿ ತಾನಾಗಿ ಬಂದಿತ್ತು. ಸರಕಾಗಿ ಮಾರುಕಟ್ಟೆಗೆ ಹೊರಟಾಗ ಆ ಮಿತಿ ಕಳಚಿತು. ಹೊಸ ಗಿಡ ತಂದಾಗ ಅದನ್ನು ಹೇಗೆ ಬೆಳೆಸುವುದೆಂದು ಕೇಳುವವರು ಅದನ್ನು ತಿನ್ನುವ ಕ್ರಮವನ್ನೂ ಅಷ್ಟೇ ಕಾಳಜಿಯಿಂದ ಕೇಳಬೇಕು.

ಹೊಟ್ಟೆಯ ಹೊರಗೂ ಈ ನಂಟು ಕೆಲಸ ಮಾಡುತ್ತದೆ. ಉಡುಪಿಯ ಶಂಕರಪುರ ಸುತ್ತಿನ ಮಲ್ಲಿಗೆ ಕೃಷಿಯಷ್ಟು ಸುಂದರವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಮನೆಯ ಪಕ್ಕದ ಐದಾರು ಸೆಂಟ್ಸ್ ಜಾಗದಲ್ಲಿ ಗಿಡ, ಬೆಳಗಿನ ಜಾವ ಮೊಗ್ಗು ಬಿಡಿಸುವುದು, ಅದೇ ಹಿತ್ತಲಿನ ಬಾಳೆಯ ನಾರಿನಲ್ಲಿ ಕಟ್ಟುವುದು, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಮಾರುವುದು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ನಿಗದಿಯಾಗುತ್ತದೆ. ಹಬ್ಬ, ಮದುವೆ, ಕೋಲ, ನೇಮದ ದಿನಗಳಲ್ಲಿ ಏರುತ್ತದೆ. ಎಷ್ಟೋ ಹೆಣ್ಣುಮಕ್ಕಳ ಕೈಖರ್ಚು, ಮಕ್ಕಳ ಶಾಲೆಯ ಶುಲ್ಕ ಈ ಗಿಡಗಳಿಂದಲೇ ಹುಟ್ಟಿದೆ. ಈಗ ಮಂಗಳೂರು ಉಡುಪಿಗಳಲ್ಲಿ ನೆಲವಿಲ್ಲದವರು ಇದನ್ನೇ ಕುಂಡಗಳಲ್ಲಿ ತಾರಸಿಗೆ ಏರಿಸಿದ್ದಾರೆ. ಕುಂಡ ಹೊಸದು, ತಾರಸಿ ಹೊಸದು, ಕೆಲವರಲ್ಲಿ ಹನಿ ನೀರಾವರಿಯೂ ಬಂದಿದೆ. ಆದರೆ ಆ ಹೊಸತೆಲ್ಲ ಹಳೆಯ ಒಂದು ವ್ಯವಹಾರದ ಹೆಗಲೇರಿ ಬಂದದ್ದರಿಂದ ಗಟ್ಟಿಯಾಗಿ ನಿಂತಿತು. ಯಾರಿಗೆ ಕೊಡುವುದು, ಎಷ್ಟಕ್ಕೆ ಕೊಡುವುದು, ಯಾವಾಗ ಸವರುವುದು ಎಂಬುದೆಲ್ಲ ಮೊದಲೇ ಗೊತ್ತಿತ್ತು.

ಹೊಸ ವಿಚಾರ ಬರುತ್ತಿದ್ದ ದಾರಿಯೂ ಇಲ್ಲಿ ಮುಖ್ಯ. ಕ್ಯಾಮರಾನ್ ನಂತರ ಲಾಲ್‌ಬಾಗಿಗೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವನ್ನು ಕಟ್ಟಿದರು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ಕಣ್ಣಿಗೆ ಹಬ್ಬವಾಗಿರುವ ಜೊತೆಗೆ, ಮನೆಮನೆಯ ಕೈತೋಟಗಳಿಗೆ ಸ್ಪರ್ಧೆ ಇಟ್ಟು ಬಹುಮಾನ ಕೊಡುವ ಪದ್ಧತಿಯೂ ಬೆಳೆಯಿತು. ಬೆಳೆದವರ ತೋಟವನ್ನು ಬೆಳೆಯಲಿರುವವರು ನೋಡುವಂತಾಯಿತು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಒಂದು ಉಪಕರಣದ ಬಗ್ಗೆ, ಒಂದು ಹಲಸಿನ ತಳಿಯ ಬಗ್ಗೆ, ಮಳೆನೀರು ಇಂಗಿಸುವ ಒಂದು ಉಪಾಯದ ಬಗ್ಗೆ ಬರೆದವರು ಅದನ್ನು ಬಳಸಿ ನೋಡಿದವರು. ಶಿರಸಿ ಸೀಮೆಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ ಮಹಿಳೆಯರ ಕೂಟದಲ್ಲಿ ಬೀಜ ಕೊಡುವವಳು ಆ ಬೀಜದ ಸ್ವಭಾವವನ್ನೂ ಕೊಡುತ್ತಾಳೆ: ಈ ಅವರೆ ಯಾವ ತಿಂಗಳಲ್ಲಿ ಊರಬೇಕು, ಈ ಸೌತೆ ಎಷ್ಟು ದಿನ ತೂಗುಹಾಕಿದರೂ ಕೆಡುವುದಿಲ್ಲ, ಈ ಬೆಂಡೆಯನ್ನು ಎಷ್ಟು ಎಳೆಯದಿರುವಾಗ ಕೊಯ್ಯಬೇಕು. ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಬೀಜದ ಮೇಳಗಳಲ್ಲಿ ಸಿಗುವ ಪುಟ್ಟ ಪೊಟ್ಟಣಕ್ಕೆ ಬಣ್ಣದ ಚಿತ್ರವಿರುವುದಿಲ್ಲ. ಕೊಟ್ಟವಳ ಊರು ಗೊತ್ತಿರುತ್ತದೆ. ಗಿಡ ಬರದಿದ್ದರೆ ಮುಂದಿನ ವರ್ಷ ಅವಳನ್ನೇ ಕೇಳಬಹುದು. ಹೊಸತನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಖಾತರಿ ಯಾವುದಿದೆ?

ಇಲ್ಲಿಗೆ ಒಬ್ಬರು ಎದ್ದು ನಿಂತು ಕೇಳಬಹುದು: ಇದೆಲ್ಲ ಹಿತ್ತಲಿದ್ದವರ ಮಾತು, 30×40 ಸೈಟಿನಲ್ಲಿ ಮೂರಂತಸ್ತು ಕಟ್ಟಿ ಮಗ್ಗುಲಲ್ಲಿ ಮೂರಡಿ ಬಿಟ್ಟವರಿಗೆ ಇದರಿಂದೇನು? ಅವರಿಗೆ ಬಚ್ಚಲೂ ಇಲ್ಲ, ಹಂಡೆಯ ಒಲೆಯೂ ಇಲ್ಲ, ಬೂದಿಯೂ ಇಲ್ಲ. ಅವರು ಸಾಮಾನು ಕೊಂಡೇ ತೋಟ ಮಾಡಬೇಕಲ್ಲವೆ? ಈ ಆಕ್ಷೇಪ ನ್ಯಾಯವಾದದ್ದು. ಹಾಗೆಂದೇ ಅಂಗಡಿಯ ಸಾಮಾನುಗಳನ್ನು ನಾನು ತಳ್ಳಿಹಾಕುವುದಿಲ್ಲ. ಅವುಗಳನ್ನೂ ಇದೇ ಒರೆಗೆ ಹಚ್ಚಿ ನೋಡಬಹುದು. ಕೋಕೋಪೀಟನ್ನು ತೆಗೆದುಕೊಳ್ಳಿ. ತಿಪಟೂರು, ಅರಸೀಕೆರೆ ಕಡೆ ನಾರು ತೆಗೆಯುವ ಘಟಕಗಳ ಪಕ್ಕ ತೆಂಗಿನ ನಾರಿನ ಪುಡಿ ಗುಡ್ಡಗುಡ್ಡವಾಗಿ ಬಿದ್ದಿರುತ್ತಿತ್ತು. ಲಿಗ್ನಿನ್ ಹೆಚ್ಚಿರುವುದರಿಂದ ಸುಲಭಕ್ಕೆ ಕೊಳೆಯದು, ಮಳೆ ಬಂದರೆ ಕಂದು ನೀರು ಒಸರುತ್ತದೆ. ಅದು ಯಾರಿಗೂ ಬೇಡದ ಕಸ. ಅದೇ ಪುಡಿ ಇಂದು ಒತ್ತಿದ ಇಟ್ಟಿಗೆಗಳಾಗಿ ನಗರದ ತಾರಸಿಗಳನ್ನು ಏರಿದೆ. ಏರಬೇಕಾದ ಕಾರಣವೂ ಇತ್ತು. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ಆಳದ ಒದ್ದೆ ಮಣ್ಣಿನ ಪಾತಿ ಅಷ್ಟೇ ಜಾಗದಲ್ಲಿ ನಾನೂರೈವತ್ತು ಕಿಲೋ ದಾಟುತ್ತದೆ. ಹಾಗಾಗಿ ತಾರಸಿಯ ತೋಟಕ್ಕೆ ಹಗುರವಾದ, ನೀರು ಹಿಡಿಯುವ ಒಂದು ವಸ್ತು ನಿಜಕ್ಕೂ ಬೇಕಿತ್ತು, ಅದು ನಮ್ಮ ತೆಂಗಿನ ಸೀಮೆಯಲ್ಲೇ ಸಿಕ್ಕಿತು. ಇದು ನನ್ನ ಪಾಲಿಗೆ ಒಳ್ಳೆಯ ಹೊಸತು.

ಆದರೆ ಕೋಕೋಪೀಟಿನಲ್ಲಿ ಗಿಡಕ್ಕೆ ಊಟವಿಲ್ಲ. ಅದು ನೀರು ಹಿಡಿದಿಡುತ್ತದೆ, ಬೇರಿಗೆ ಗಾಳಿ ಕೊಡುತ್ತದೆ, ಅಷ್ಟೇ. ಸರಿಯಾಗಿ ತೊಳೆಯದಿದ್ದರೆ ಉಪ್ಪಿನಂಶವೂ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶಿಲೀಂಧ್ರ ಬಳಸಿ ಅದನ್ನು ಹದಗೊಳಿಸಿ ‘ಅರ್ಕಾ’ ಹೆಸರಿನಲ್ಲಿ ಕೊಡುವ ವಿಧಾನ ಕಂಡುಹಿಡಿದದ್ದು ಈ ಕೊರತೆಗಳನ್ನು ಬಲ್ಲದ್ದರಿಂದಲೇ. ಬರಿಯ ಕೋಕೋಪೀಟಿನಲ್ಲಿ ಬದನೆ ನೆಟ್ಟು, ಎಲೆ ಹಳದಿಯಾದಾಗ ಒಂದು ಪುಡಿ ತಂದು, ಅದೂ ಸಾಲದಾದಾಗ ಇನ್ನೊಂದು ದ್ರವ ತಂದು, ಕಡೆಗೆ ಎಲ್ಲ ಚೀಲಗಳನ್ನೂ ಮೆಟ್ಟಿಲ ಕೆಳಗೆ ತಳ್ಳಿದ ಮನೆಗಳು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಕೋಕೋಪೀಟಿಗೆ ಜೊತೆಯಾಗಬೇಕಾದ ಗೊಬ್ಬರ ಅವರ ಅಡುಗೆಮನೆಯಿಂದಲೇ ದಿನಾ ಹೊರಗೆ ಹೋಗುತ್ತಿತ್ತು. ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರುಗಳ ಜನರ ಉಸಿರು ಕಟ್ಟಿಸಿ 2012ರಲ್ಲಿ ಬೀದಿಬೀದಿಯ ಸಂಕಟವಾದಾಗ ಹಸಿ ಕಸ, ಒಣ ಕಸ ಎಂದು ಬೇರೆಮಾಡುವುದು ನಮ್ಮೂರಿಗೆ ಅನಿವಾರ್ಯವಾಯಿತು. ಅದಕ್ಕೂ ಆರು ವರ್ಷ ಮೊದಲೇ ‘ಡೈಲಿ ಡಂಪ್’ನವರು ಒಂದರ ಮೇಲೊಂದು ಕೂರುವ ಮೂರು ಸುಟ್ಟಮಣ್ಣಿನ ಗಡಿಗೆಗಳ ‘ಖಂಬಾ’ ಮಾಡಿ ಮನೆಯ ಮೂಲೆಯಲ್ಲೇ ಹಸಿ ಕಸ ಗೊಬ್ಬರವಾಗುವ ದಾರಿ ತೋರಿಸಿದ್ದರು. ಮಣ್ಣು ಉಸಿರಾಡುತ್ತದೆ, ಹೆಚ್ಚಿನ ತೇವ ಹೊರಗೆ ಹೋಗುತ್ತದೆ, ನಡುವೆ ಒಂದಷ್ಟು ತೆಂಗಿನ ನಾರಿನ ಪುಡಿ ಉದುರಿಸಿದರೆ ವಾಸನೆ ಇಲ್ಲ. ಕುಂಬಾರರಿಗೂ ಕೆಲಸ. ಗೊಬ್ಬರದ ಗಡಿಗೆ ಮತ್ತು ನಾರಿನ ಪುಡಿ ಎರಡೂ ಒಂದೇ ಮನೆಗೆ ಬಂದಾಗ ತಾರಸಿಯ ತೋಟ ನಿಂತಿದೆ. ಒಂದು ಬಂದು ಇನ್ನೊಂದು ಬಾರದ ಕಡೆ ಹೆಚ್ಚಿನವು ಒಣಗಿವೆ. ದಿವಂಗತ ಡಾ. ಎಲ್. ನಾರಾಯಣ ರೆಡ್ಡಿಯವರಂಥ ಸಾವಯವ ಕೃಷಿಕರು ಮಣ್ಣನ್ನು ಮೊದಲು ನೋಡಿ, ಗಿಡವನ್ನು ಆಮೇಲೆ ನೋಡಿ ಎಂಬ ಅರ್ಥದ ಮಾತನ್ನು ಊರೂರಿನಲ್ಲಿ ಹೇಳಿಕೊಂಡು ತಿರುಗಿದ್ದು ವ್ಯರ್ಥವಾಗಲಿಲ್ಲ.

ನೀರಿನ ವಿಷಯದಲ್ಲಿ ಲೆಕ್ಕ ಇನ್ನೂ ನಿಷ್ಠುರ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಮೇಲೆತ್ತಿ ತಂದು ಕ್ರೋಟನ್ನಿಗೆ ಸುರಿಯುವುದು ನ್ಯಾಯವಲ್ಲ ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 97,000 ಲೀಟರ್. ಮಳೆಕೊಯ್ಲನ್ನು 2009ರಲ್ಲೇ ಕಾನೂನು ಕಡ್ಡಾಯ ಮಾಡಿದೆ. ಇನ್ನು ಸ್ನಾನದ ನೀರು. ನಗರದ ನೀರು ಪೂರೈಕೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ಅದರಲ್ಲಿ ಸ್ನಾನಕ್ಕೇ 55. ನಾಲ್ಕು ಜನರ ಮನೆಯಿಂದ ದಿನಕ್ಕೆ 200 ಲೀಟರಿಗೂ ಹೆಚ್ಚು ನೀರು, ಬಾಳೆ, ಕೆಸು, ಕಾಬಾಳೆಗಳಿಗೆ ಪೂರ್ತಿ ಸಾಕಾಗುವ ನೀರು, ಚರಂಡಿಗೆ ಹೋಗುತ್ತಿದೆ. ಬಚ್ಚಲು ಬಾತ್‌ರೂಮಾಯಿತು, ನೀರು ಹರಿಯುವುದು ನಿಂತಿಲ್ಲ, ಹರಿಯುವ ದಿಕ್ಕು ನಮ್ಮ ಕೈತಪ್ಪಿದೆ. ಹಳೆಯ ನಂಟಿಗೆ ಇಂದಿನ ಮನೆಯಲ್ಲಿ ಜಾಗವಿಲ್ಲ ಎನ್ನುವವರಿಗೆ ನನ್ನ ಉತ್ತರ ಇದೇ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿದೆ. ಆ ಹಿತ್ತಲುಗಳನ್ನು ನಡೆಸಿದವರು ಯಾರು? ಬಚ್ಚಲ ಕಾಲುವೆಯನ್ನು ಬಾಳೆಯ ಬುಡಕ್ಕೆ ತಿರುಗಿಸಿದವರು, ಬೂದಿ ಹೊತ್ತವರು, ಬಸಳೆಯ ಚಪ್ಪರಕ್ಕೆ ಕೊಡದಲ್ಲಿ ನೀರೆರೆದವರು, ಬೀಜವನ್ನು ಬೂದಿಯಲ್ಲಿ ಕಲಸಿ ಒಲೆಯ ಮೇಲಿನ ಅಟ್ಟದಲ್ಲಿ ಕಾಪಾಡಿದವರು ಹೆಂಗಸರು. ಅವರ ದುಡಿಮೆಗೆ ಕೂಲಿ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ಒಂದು ಒಳ್ಳೆಯ ಮಾತೂ ಇರಲಿಲ್ಲ. ಮನೆಗೆಲಸಕ್ಕೆ ಹೊಂದಿಕೊಂಡ ಹೊಸತು ಉಳಿಯುತ್ತದೆ ಎನ್ನುವುದು, ಹೆಂಗಸರ ಹೆಗಲ ಮೇಲೆ ಇನ್ನೊಂದು ಕೆಲಸ ಹೇರುವ ಮಾತಾಗಬಹುದು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಒಪ್ಪಿದಾಗ ನನ್ನ ವಾದ ಇನ್ನಷ್ಟು ಖಚಿತವಾಗುತ್ತದೆ. ಹೊಸ ವಸ್ತುವನ್ನು ಅಳೆಯುವಾಗ ನೀರು, ಕಸ, ಅಡುಗೆಗಳ ಜೊತೆಗೆ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು: ಇದು ಯಾರ ಕೈಗೆ ಬೀಳುತ್ತದೆ, ಅವರ ಕೆಲಸ ಇಳಿಯುತ್ತದೆಯೋ ಏರುತ್ತದೆಯೋ? ಈ ಲೆಕ್ಕದಲ್ಲಿ ಮನೆಯಳತೆಯ ಹನಿ ನೀರಾವರಿ ಕಿಟ್ ನಾನು ಕಂಡ ಒಳ್ಳೆಯ ವಸ್ತುಗಳಲ್ಲೊಂದು. ತೊಟ್ಟಿಯನ್ನು ಆಳೆತ್ತರದಲ್ಲಿಟ್ಟು ಸಪೂರ ಕೊಳವೆ ಎಳೆದರೆ, ಬಕೆಟ್ ಹೊತ್ತು ಮೂರು ಅಂತಸ್ತು ಹತ್ತುವುದು ತಪ್ಪುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೂ ಗಿಡ ಬಾಡಿರುವುದಿಲ್ಲ. ಹಾಗಲ, ಹೀರೆಗಳಿಗೆ ಕಾಟ ಕೊಡುವ ಹಣ್ಣುನೊಣಕ್ಕೆ ಕ್ಯೂಲ್ಯೂರ್ ಎಂಬ ಆಕರ್ಷಕ ವಸ್ತು ಹಾಕಿದ ಬಲೆಯೂ ಅಂಥದ್ದೇ. ಗಂಡುನೊಣಗಳು ಮಾತ್ರ ಆ ವಾಸನೆಗೆ ಮರುಳಾಗಿ ಬಂದು ಬೀಳುತ್ತವೆ, ಸಂತಾನ ಕಡಿಮೆಯಾಗುತ್ತದೆ. ಪ್ರತಿ ಕಾಯಿಗೂ ಕಾಗದದ ಚೀಲ ಕಟ್ಟುವ ಹಳೆಯ ಶ್ರಮ ಅಷ್ಟರಮಟ್ಟಿಗೆ ಇಳಿಯುತ್ತದೆ, ತಿನ್ನುವ ಕಾಯಿಗೆ ವಿಷವೂ ಸೋಕುವುದಿಲ್ಲ. ಕೆಲಸ ಕಡಿಮೆ ಮಾಡುವುದನ್ನು ಸೋಮಾರಿತನವೆಂದು ಹೀಗಳೆಯುವವರ ಜೊತೆ ನಾನು ಸೇರಲಾರೆ.

ಇನ್ನೊಂದು ಮಾತು ಚೆಲುವಿನದು. ಉಪಯೋಗ ಉಪಯೋಗ ಎಂದು ಹೇಳುತ್ತ ಹೋದರೆ ಬರಿಯ ಕಣ್ಣಿನ ಸಂತೋಷಕ್ಕೆ ಬೆಳೆಸುವ ಗಿಡಗಳಿಗೆ ಹಿತ್ತಲಲ್ಲಿ ಜಾಗವೇ ಇರುವುದಿಲ್ಲವಲ್ಲ ಎಂದು ಕೇಳಿದರೆ, ಮಲೆನಾಡಿನ ಡೇರೆ ಹೂವಿನತ್ತ ನೋಡಿ ಎನ್ನುತ್ತೇನೆ. ಡೇರೆಯೂ ಮೆಕ್ಸಿಕೋದಿಂದ ಬಂದದ್ದು. ನಮ್ಮಲ್ಲಿ ಅದನ್ನು ತಿನ್ನುವುದಿಲ್ಲ, ಮದ್ದಿಗೂ ಬಳಸುವುದಿಲ್ಲ, ಮಾರುವವರೂ ಕಡಿಮೆ. ಆದರೂ ಸಾಗರ, ಶಿರಸಿ, ಸಿದ್ದಾಪುರ, ತೀರ್ಥಹಳ್ಳಿಗಳ ಅಂಗಳಗಳಲ್ಲಿ ಅದು ಮಳೆಗಾಲದ ರಾಣಿ. ಬೇಸಗೆಯಲ್ಲಿ ಗೆಡ್ಡೆಯನ್ನು ಒಣಗದಂತೆ ಕೊಳೆಯದಂತೆ ಕಾಪಿಟ್ಟು, ಮುಂಗಾರಿನ ಮೊದಲ ಹದಕ್ಕೆ ನೆಟ್ಟು, ಗಾಳಿಗೆ ಬೀಳದಂತೆ ಕೋಲು ಕಟ್ಟಿ, ಚೌತಿಯ ಹೊತ್ತಿಗೆ ತಟ್ಟೆಯಗಲ ಹೂವು ಬರಿಸುವುದೆಂದರೆ ಹೆಣ್ಣುಮಕ್ಕಳಿಗೆ ಹೆಮ್ಮೆ. ಯಾರ ಮನೆಯಲ್ಲಿ ಯಾವ ಬಣ್ಣ ಬಂದಿದೆ ಎಂಬುದು ಊರಿಗೆಲ್ಲ ಗೊತ್ತು. ಮದುವೆ ಮುಂಜಿಗೆ ಹೋದವರು ಗೆಡ್ಡೆ ಕೇಳಿ ತರುತ್ತಾರೆ, ಬದಲಿಗೆ ತಮ್ಮಲ್ಲಿದ್ದ ಬಣ್ಣ ಕೊಡುತ್ತಾರೆ. ಈ ಕೊಡುಕೊಳ್ಳುವಿಕೆಯೂ ಮನೆಯ ಕೆಲಸಗಳಲ್ಲೊಂದೇ. ಚೆಲುವಿಗೂ ಬೇರೂರಲು ಒಂದು ನಂಟು ಬೇಕು, ಡೇರೆಗೆ ಅದು ಸಿಕ್ಕಿತು. ತಂದು ಇಟ್ಟ ಮರುವಾರ ಯಾರಿಗೂ ತೋರಿಸಬೇಕೆನಿಸದ, ಯಾರೂ ಕಡ್ಡಿ ಕೇಳದ ದುಬಾರಿ ಗಿಡ ಒಂಟಿಯಾಗಿಯೇ ಬಾಡುತ್ತದೆ.

ಚೆಲುವಿನ ಹೆಸರಿನಲ್ಲಿ ಬಂದು ನಾಡನ್ನೇ ಕಾಡಿದ ಹೊಸತೂ ಉಂಟು. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಈ ದೇಶಕ್ಕೆ ತಂದರು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಅದರ ಪೊದೆಯ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಜಿಂಕೆಗೆ ಮೇವಿಲ್ಲ. ನೀಲಿ ಹೂವಿನ ಮೋಹಕ್ಕೆ ಕೊಳಗಳಲ್ಲಿ ಬಿಟ್ಟ ಅಂತರಗಂಗೆ ನಮ್ಮ ಕೆರೆಗಳನ್ನು ಮುಚ್ಚಿದೆ. ಇವು ಮನೆಯ ಯಾವ ಕೆಲಸಕ್ಕೂ ಕಟ್ಟುಬಿದ್ದಿರಲಿಲ್ಲ, ಯಾರೂ ಅವನ್ನು ಕೊಯ್ಯಲಿಲ್ಲ, ತಿನ್ನಲಿಲ್ಲ, ಸವರಲಿಲ್ಲ. ಹಾಗಾಗಿ ತಡೆಯುವವರಿಲ್ಲದೆ ಹರಡಿದವು. ಗಿಡದ ಜೊತೆ ಬರುವ ಕೀಟದ ಮಾತೂ ಇಲ್ಲಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ಬೇಗನೆ ಕರ್ನಾಟಕಕ್ಕೂ ಬಂದು ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನು ಬಿಳಿ ಹತ್ತಿಯಂಥ ಮುದ್ದೆಗಳಿಂದ ಮುಚ್ಚಿತು. ಔಷಧಿ ಹೊಡೆದಷ್ಟೂ ಅದರ ಮೇಣದ ಹೊದಿಕೆ ಕಾಪಾಡುತ್ತಿತ್ತು. ಕಡೆಗೆ ಪರಿಹಾರ ಬಂದದ್ದು ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ಯೂರ್ಟೋ ರಿಕೋದಿಂದ ತರಿಸಿ, ಪರೀಕ್ಷಿಸಿ ಬಿಟ್ಟ ಅಕೆರೊಫೇಗಸ್ ಪಪಾಯೇ ಎಂಬ ಸಾಸಿವೆಗಿಂತ ಸಣ್ಣ ಕಣಜದಿಂದ. ಅದು ತಿಗಣೆಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಕೆಲವೇ ತಿಂಗಳುಗಳಲ್ಲಿ ತೋಟಗಳು ತಿಳಿಯಾದವು. ಬಾಟಲಿಯಲ್ಲಿ ಮಾರಲಾಗದ, ಯಾರ ಹಿತ್ತಲಿಗಾದರೂ ತಾನೇ ಹಾರಿಹೋಗುವ ಹೊಸತು ಅದು. ಆ ವಿಜ್ಞಾನಿಗಳ ಹೆಸರು ನಮ್ಮ ಹಿತ್ತಲುಗಳಿಗೆ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಮನೆಯಲ್ಲಿ ಒಂದು ತಿಗಣೆ ಕಂಡೊಡನೆ ಸಿಕ್ಕ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಇಂಥ ಕಣಜಗಳೇ. ಅವುಗಳಿಗೆ ಮೇಣದ ರಕ್ಷೆಯಿಲ್ಲ.

ಈಗ ನನಗೆ ಸಿಗಲಿ ಎಂದು ಅನಿಸುವ ವಸ್ತುಗಳು ಎರಡು. ಒಂದು, ತನ್ನ ಊರು ಹೇಳುವ ಬೀಜ. ಬಣ್ಣದ ಪೊಟ್ಟಣಗಳಲ್ಲಿ ಬರುವ ಹೈಬ್ರಿಡ್ ಬೀಜ ಒಂದು ಬೆಳೆಗೆ ಚೆನ್ನ; ಅದರ ಕಾಯಿಯಿಂದ ಬೀಜ ತೆಗೆದಿಟ್ಟರೆ ಮುಂದಿನ ಸಲ ತಾಯಿಯಂತೆ ಬರುವುದಿಲ್ಲ. ಹೆಸರಘಟ್ಟದವರ ತಳಿಗಳಲ್ಲೇ ಬೀಜ ಹಿಡಿದಿಟ್ಟುಕೊಳ್ಳಬಹುದಾದವು ಹಲವಿವೆ, ನಾಟಿ ತಳಿಗಳಂತೂ ಇವೆ. ಇದು ಯಾವ ಬಗೆ, ಎಲ್ಲಿಯದು, ಬೀಜ ಹಿಡಿಯಬಹುದೇ ಇಲ್ಲವೇ, ಯಾವ ಮಳೆಗೆ ಊರಬೇಕು ಎಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚುಹಾಕಲು ಖರ್ಚೇನೂ ಹೆಚ್ಚು ಬೀಳದು. ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಇದನ್ನು ಕೊಳ್ಳುವವರೇ ಕೇಳತೊಡಗಬೇಕು. ಎರಡನೆಯದು ಸ್ನಾನದ ನೀರಿಗೆ ಒಂದು ಕವಾಟ. ಶೌಚದ ಪೈಪನ್ನು ಮುಟ್ಟದೆ ಸ್ನಾನದ ಪೈಪನ್ನು ಬೇರೆಯಾಗಿ ಹೊರತಂದು, ಹಿಡಿ ತಿರುಗಿಸಿದರೆ ಒಮ್ಮೆ ಬಾಳೆಯ ಬುಡಕ್ಕೆ, ಮಳೆ ಹೆಚ್ಚಿದಾಗ ಚರಂಡಿಗೆ ಹೋಗುವಂತಿರಬೇಕು. ನಡುವೆ ಜಲ್ಲಿ, ಮರಳು ತುಂಬಿದ ಒಂದು ಸಣ್ಣ ತೊಟ್ಟಿ. ಬಟ್ಟೆ ಒಗೆದ ಸೋಪಿನ ನೀರನ್ನು ಇದಕ್ಕೆ ಸೇರಿಸಬಾರದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಯಿಸಬಾರದು. ಇದರಲ್ಲಿ ಕೊಳ್ಳಬೇಕಾದ ದೊಡ್ಡ ಸಾಮಾನೇನಿಲ್ಲ, ಪೈಪಿನ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಮನೆ ಕಟ್ಟಿಸುವವರು ಪ್ಲಂಬರಿಗೆ ಇದನ್ನು ಬಾತ್‌ರೂಮಿನ ನೆಲಕ್ಕೆ ಟೈಲ್ಸ್ ಕೂರಿಸುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ನೆಲ ಒಡೆಯಬೇಕಾಗುತ್ತದೆ, ಆಗ ಯಾರೂ ಒಪ್ಪುವುದಿಲ್ಲ.